ಗಾಳಿ ತುಂಬಿದ ಅಳಿಯಂದಿರು

"ಒಂದು ರಬ್ಬರ್ ಪಟ್ಟಿ ಬದಲಾಯಿಸೋಕೆ ಮೂರು ವಾರಾನಾ? ಅಷ್ಟರಲ್ಲಿ ನಾನು ಹಡಗನ್ನೇ ಕಟ್ಟಿಬಿಡ್ತೀನಿ!"

ರಿಪೇರಿ ಅಂಗಡಿಯವನ ಮೇಲೆ ಹರಿಹಾಯ್ದು, ಬಾಗಿಲನ್ನು ಧಡಾರನೆ ಎಳೆದುಕೊಂಡು ಡೈವರ್ ಮನೆಗೆ ಬಂದ. ಬಂದರಿನಲ್ಲಿ ನೀರಿಗಿಳಿದು ಹಡಗುಗಳ ತಳ ಉಜ್ಜುವುದು ಅವನ ಕೆಲಸ. ಮೈಗೆ ಒಂದು ಹನಿಯೂ ತಾಗದಂತೆ ಕಾಲಿನಿಂದ ಕುತ್ತಿಗೆಯವರೆಗೆ ಕಾಯುವ ಡ್ರೈಸೂಟೇ ಅವನ ಅನ್ನ. ಅದರ ಕುತ್ತಿಗೆಯ ಪಟ್ಟಿ ಹರಿದು, ಕೊರೆಯುವ ನೀರು ಹೊಕ್ಕುಳಿನತನಕ ಇಳಿದಿತ್ತು. ಸೋಮವಾರ ದೊಡ್ಡ ಹಡಗೊಂದು ಬರುವುದಿತ್ತು. ಸೂಟ್ ಇಲ್ಲದಿದ್ದರೆ ಆ ಕೆಲಸ ಬೇರೆಯವರ ಪಾಲು.

"ನಾನೇ ಅಂಟಿಸ್ತೀನಿ!" ಎಂದು ಘರ್ಜಿಸಿದ.

"ಹೋದ ಸಲ ನಲ್ಲೀನೂ ನೀವೇ ರಿಪೇರಿ ಮಾಡಿದ್ರಿ," ಎಂದಳು ಹೆಂಡತಿ. "ಆಮೇಲೆ ಇದೇ ಸೂಟ್ ಹಾಕ್ಕೊಂಡು ಅಡುಗೆಮನೆಗೆ ಇಳೀಬೇಕಾಯ್ತು."

"ಕೆಲಸಕ್ಕೆ ಮುಂಚೆ ಅಪಶಕುನ ನುಡೀಬೇಡ! ದೊಡ್ಡ ಪಾತ್ರೆ ಕೊಡು!"

ಸೂಟಿನ ಕುತ್ತಿಗೆ ಬಿಗಿಯಾಗಿ ನಿಲ್ಲಲೆಂದು ಪಾತ್ರೆಯನ್ನು ಅದರೊಳಗೆ ತುರುಕಿ, ಹಳೆಯ ಪಟ್ಟಿ ಕಿತ್ತು, ಹೊಸದನ್ನು ಅಂಟಿಸಿದ. ಅಂಟು ಪಟ್ಟಿಗೂ ಹತ್ತಿತು, ಮೊಣಕೈಗೂ ಹತ್ತಿತು, ಮೀಸೆಯನ್ನೂ ಬಿಡಲಿಲ್ಲ. ಮರುದಿನ ನೋಡಿದರೆ ಪಾತ್ರೆ ಜಪ್ಪಯ್ಯ ಅಂದರೂ ಈಚೆ ಬರಲೊಲ್ಲದು! ಗಂಡ ಸೂಟ್ ಹಿಡಿದ, ಹೆಂಡತಿ ಪಾತ್ರೆ ಹಿಡಿದಳು. ನಡುಮನೆಯಲ್ಲಿ ಹಗ್ಗಜಗ್ಗಾಟ!

"ನನ್ನ ಪಾತ್ರೆ!"

"ನನ್ನ ಸೂಟು!"

ಕೊನೆಗೆ ಡೈವರ್ ಹಲ್ಲು ಕಡಿದ. "ಬರದಿದ್ರೆ ಬಿಡು! ಅದೇ ಬಿರಡೆ! ಸೋರುತ್ತಾ ಅಂತ ಈಗಲೇ ನೋಡ್ತೀನಿ."

ಸೂಟನ್ನು ಕುರ್ಚಿಯಲ್ಲಿ ಕೂರಿಸಿ, ಗಾಳಿ ಹೊರಹೋಗದಂತೆ ಎರಡೂ ತೋಳಿನ ತುದಿಗೆ ಬಾಟಲಿ ಸಿಕ್ಕಿಸಿ, ಎದೆಯ ವಾಲ್ವಿಗೆ ಸಿಲಿಂಡರಿನಿಂದ ಗಾಳಿ ಬಿಟ್ಟ. ಸೂಟ್ ಉಬ್ಬಿ, ಹೊಟ್ಟೆ ಮುಂದೆ ಬಿಟ್ಟು, ಜಮೀನ್ದಾರನಂತೆ ಕುಳಿತಿತು. ಹೆಂಡತಿ ಗಂಡನ ಉಣ್ಣೆ ಟೋಪಿಯನ್ನು ಪಾತ್ರೆಗೆ ತೊಡಿಸಿದಳು.

"ಥೇಟ್ ನೀವೇ! ಹೊಟ್ಟೆ ತುಂಬ ಗಾಳಿ, ತಲೆ ಖಾಲಿ!"

ಡೈವರ್ ಕೆಂಡಾಮಂಡಲವಾಗಿ, ಅಂಟು ಬಿಡಿಸುವ ಥಿನ್ನರ್ ತರಲು ಬೀದಿಗೆ ನುಗ್ಗಿದ.

ಹಿಂತಿರುಗಿದಾಗ ನಡುಮನೆಯಲ್ಲಿ ಅತ್ತೆಯ ದನಿ. ಮಗಳನ್ನು ನೋಡಲು ಬಂದ ಅತ್ತೆ, ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಸೂಟಿನ ಎದುರಿಗೇ ಕುಳಿತಿದ್ದರು! ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಹೆಂಡತಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದಳು.

"ಅಲ್ಲ ಅಳಿಯಂದಿರೇ, ಮೂಗಿನ ತುದೀಲೇ ಕೋಪ ಇಟ್ಕೊಂಡ್ರೆ ಸಂಸಾರ ನಡೆಯುತ್ತಾ? ಇನ್ಮೇಲೆ ನನ್ನ ಮಗಳ ಮೇಲೆ ರೇಗೋದಿಲ್ಲ ತಾನೆ?"

"ಸ್ಸ್ಸ್..." ಎಂದಿತು ಸೂಟ್. ಪಾತ್ರೆಯನ್ನು ಕಚ್ಚಿ ಹಿಡಿದಿದ್ದ ಅಂಟು ಸೂಟನ್ನು ಮಾತ್ರ ಪೂರ್ತಿ ಹಿಡಿದಿರಲಿಲ್ಲ. ಗಾಳಿ ಸೋರಿ, ಪಾತ್ರೆ ತಲೆ ಮೆಲ್ಲಗೆ ಎದೆಗೆ ಬಾಗಿತು.

ಸೋಮವಾರದ ಹಡಗು ಕೈತಪ್ಪಿತೆಂದು ಡೈವರನಿಗೆ ಆ ಕ್ಷಣವೇ ಖಾತ್ರಿಯಾಯಿತು. ಅಂಗಡಿಯವನ ಮೇಲಿನದು, ಅಂಟಿನ ಮೇಲಿನದು, ಪಾತ್ರೆಯ ಮೇಲಿನದು, ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಅತ್ತೇ! ಅದು ನಾನಲ್ಲ! ನಾನು ಇಲ್ಲಿದ್ದೀನಿ!" ಎಂದು ಗೋಡೆ ನಡುಗುವಂತೆ ಅಬ್ಬರಿಸಿದ.

ಅತ್ತೆ ನಿಧಾನವಾಗಿ ಕನ್ನಡಕ ಏರಿಸಿದರು. ಕುರ್ಚಿಯತ್ತ ನೋಡಿದರು, ಬಾಗಿಲತ್ತ ನೋಡಿದರು, ನೆಮ್ಮದಿಯ ಉಸಿರು ಬಿಟ್ಟರು.

"ಸದ್ಯ! ಎದುರು ಮಾತಾಡದೆ ತಲೆ ತಗ್ಗಿಸಿ ಕೂತಿದ್ದು ನೋಡಿ, ಅಳಿಯಂದಿರಿಗೆ ಏನೋ ದೊಡ್ಡ ಕಾಯಿಲೆನೇ ಬಂದಿದೆ ಅಂತ ಹೆದರಿದ್ದೆ!"