ಟವೆಲ್ ಹಾಕಿದವರದೇ ಸೀಟು

ಆಟ ಕಟ್ಟುವವನಿಗೆ ಬೇರೆ ಶತ್ರುಗಳು ಬೇಕಿಲ್ಲ, ಆಡುವವರೇ ಸಾಕು. ಶಿರಸಿಯ ನನ್ನ ಡಿಟಿಪಿ ಅಂಗಡಿಯಲ್ಲಿ, ಲಗ್ನಪತ್ರಿಕೆಗಳ ನಡುವೆ, ಒಂದು ಬೋರ್ಡ್ ಗೇಮ್ ಮಾಡಿದೆ. ದಾಳ ಹಾಕಿ ಕಾಯಿ ನಡೆಸಿ, ಬಸ್ಸಿನಲ್ಲಿ ಸೀಟು ಹಿಡಿದು, ಯಲ್ಲಾಪುರದಿಂದ ಸಿದ್ದಾಪುರ ಮುಟ್ಟಬೇಕು. ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಭಾನುವಾರ ನೋಡಲು ಬರುತ್ತೇನೆಂದರು. "ಆಡೋರು ನಿಯಮ ತಾವೇ ಓದ್ಕೊಂಡು ಆಡಬೇಕ್ರಿ. ನೀವು ಒಂದು ಮಾತು ಆಡಿದ್ರೂ ನಾ ಎದ್ದು ಹೋಗ್ತೀನಿ."

ನನಗೋ, ಬಾಯಿ ಮುಚ್ಚಿ ಕೂತು ಗೊತ್ತೇ ಇಲ್ಲ. ಭಾನುವಾರದೊಳಗೆ ಅಲ್ಲಿಲ್ಲಿ ಆಡಿಸಿ ನೋಡಲು ಹೊರಟೆ; ಕಲಿತ ಪಾಠ ಮೂರು.

೧. ನೆಂಟರನ್ನು ನಂಬಬೇಡಿ

ನೆಂಟರೆಲ್ಲ ಪೆಟ್ಟಿಗೆ ತೆರೆಯದೆಯೇ "ಭಾರೀ ಚೆಂದ" ಎಂದರು. ಆಡಿದ್ದು ಹೆಂಡತಿ ಒಬ್ಬಳೇ.

"ಅರ್ಧ ತಾಸಾತು, ಎನ್ನ ಬಸ್ಸು ಇನ್ನೂ ಬಂಜಿಲ್ಲೆ. ಇದು ಆಟವೋ, ಹುಲೇಕಲ್ ಬಸ್‌ಸ್ಟಾಪೋ?"

ಸಿಟ್ಟು ಬಂತು. ಆದರೂ 'ಬಸ್ ತಡ' ಎನ್ನುವ ಕಾರ್ಡುಗಳಲ್ಲಿ ಅರ್ಧ ಕಿತ್ತು ಹಾಕಿದೆ.

೨. ನಿಯಮ ಚಿಕ್ಕದಾಗಿರಲಿ

ಇಡಗುಂದಿಯ ಚಾ ಅಂಗಡಿಯಲ್ಲಿ ನಾಲ್ಕು ಪುಟದ ನಿಯಮ ಹಂಚಿದೆ. ಒಬ್ಬರು ಅದರ ಮೇಲೆ ಬಜಿ ಇಟ್ಟುಕೊಂಡರು.

"ಓದಿದ್ರಾ ಮಾರಾಯ್ರೆ?"

"ಓಹೋ! ಎಣ್ಣೆ ತಾಗಿದ ಮೇಲೆ ಹಿಂದಿನ ಪುಟವೂ ಇಲ್ಲೇ ಕಂಡ್ತಲ್ಲ!"

ನಾಲ್ಕು ಪುಟ ಒಂದಾಯಿತು.

೩. ಬಾಯಿ ಮುಚ್ಚಿ

ಭಾನುವಾರ. ಅಂಗಡಿಗೆ ಬಂದ ಗಿರಾಕಿಗಳಲ್ಲಿ ನಾಲ್ವರು ಆಟಕ್ಕೆ ಕೂತರು. ಪ್ರಕಾಶಕರ ಕಣ್ಣು ಆಟದ ಮೇಲಲ್ಲ, ನನ್ನ ಬಾಯಿಯ ಮೇಲೆ.

ಮೊದಲ ದಾಳಕ್ಕೇ ಬನವಾಸಿ ಕಡೆಯ ರೈತರೊಬ್ಬರು ಹೆಗಲ ಟವೆಲ್ ತೆಗೆದು ಬೋರ್ಡಿನ ಕಿಟಕಿ ಸೀಟಿನ ಮೇಲೆ ಹಾಕಿದರು. ಅರ್ಧ ಬೋರ್ಡೇ ಮುಚ್ಚಿಹೋಯಿತು!

"ನಿಮ್ಮ ಕಾಯಿ ಇನ್ನೂ ಯಲ್ಲಾಪುರದಲ್ಲಿದೆ," ಎಂದರು ಪಕ್ಕದವರು.

"ಇರ್ಲಿ ಬಿಡ್ರಿ. ಟವೆಲ್ ಹಾಕೇನಲ್ಲ!"

ಅಯ್ಯೋ ದೇವರೇ, ಹಾಗೆ ನಿಯಮವೇ ಇಲ್ಲ! ನಾಲಿಗೆ ಕಚ್ಚಿಕೊಂಡೆ. ಉಳಿದವರು ಜಗಳವಾಡುತ್ತಾರೆ ಅಂದುಕೊಂಡರೆ, "ಹೌದಪ್ಪ, ಟವೆಲ್ ಬಿದ್ದಾಗಿದೆ" ಎಂದು ಒಪ್ಪಿ, ಎಲೆ-ಅಡಿಕೆ ಕವಳದ ಸಂಚಿ, ಕೀಲಿಕೈ, ಕನ್ನಡಕ ಒಂದೊಂದು ಸೀಟಿಗೆ ಇಟ್ಟರು. ಒಂದೇ ಗಲಾಟೆ, ಒಂದೇ ನಗು.

ಪ್ರಕಾಶಕರು ಎದ್ದರು. ಮುಗೀತು ನನ್ನ ಕಥೆ ಅಂದುಕೊಂಡೆ.

ಅವರು ಜೇಬಿನಿಂದ ಕರ್ಚೀಫು ತೆಗೆದು ಉಳಿದಿದ್ದ ಒಂದೇ ಸೀಟಿನ ಮೇಲೆ ಹಾಕಿದರು. "ನನಗೂ ಒಂದು ಕಾಯಿ ಕೊಡ್ರಿ. ಪೆಟ್ಟಿಗೆಯೊಳಗ ಸಣ್ಣ ಟವೆಲ್ ಇಟ್ಟು ಅಚ್ಚು ಹಾಕೋಣು. ಇನ್ನ ನೀವು ಮಾತಾಡ್ರಿ."

ಬಾಯಿ ತೆರೆದೆ. ಖುಷಿಗೆ ಒಂದಕ್ಷರ ಹೊರಡಲಿಲ್ಲ.

ಚಾ ತಂದ ಹೆಂಡತಿ ನನ್ನನ್ನೇ ಎರಡು ನಿಮಿಷ ನೋಡಿ, ಪ್ರಕಾಶಕರ ಕಡೆ ತಿರುಗಿದಳು: "ನೀವು ಪ್ರತಿ ಭಾನುವಾರ ಬನ್ನಿ."