ಮಾರ್ಸೆಲ್‌ನ ಹೊಲದಲ್ಲಿ ನಮ್ಮ ಎಳ್ಳ ಅಮಾವಾಸ್ಯೆ

ಮನುಷ್ಯನಿಗೆ ಒಂದಾದರೂ ಜಂಭ ಇರಬೇಕು, ಇಲ್ಲದಿದ್ದರೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ ಎಂಬುದು ನನ್ನ ನಂಬಿಕೆ. ಕೆಲವರಿಗೆ ರೂಪದ ಜಂಭ, ಕೆಲವರಿಗೆ ಓದಿನ ಜಂಭ. ಕನ್ನಡಿ, ಅಂಕಪಟ್ಟಿ ಎರಡೂ ನನ್ನ ಪರವಾಗಿ ಸಾಕ್ಷಿ ಹೇಳಲು ಒಪ್ಪದ್ದರಿಂದ ನಾನು ಊಟ ಹಾಕುವ ಜಂಭವನ್ನು ಇಟ್ಟುಕೊಂಡಿದ್ದೇನೆ. ಅದರಲ್ಲೂ ಸ್ವಂತ ಬಂಡವಾಳ ಏನಿಲ್ಲ. ನಮ್ಮ ಕಡೆಯವರು ಹಾಕುತ್ತಾರೆ, ನಾನು ಹೇಳಿಕೊಳ್ಳುತ್ತೇನೆ. ಸೇಡಂ, ಚಿತ್ತಾಪುರದ ಕಡೆ ಉಣ್ಣುವ ಹೊತ್ತಿಗೆ ಮನೆಯ ಮುಂದೆ ಹಾದುಹೋದವನನ್ನು ‘ಬರ್ರಿ, ಊಟಾ ಮಾಡ್ರಿ’ ಎನ್ನದೆ ಬಿಟ್ಟರೆ ಬೈದಷ್ಟೇ ತಪ್ಪು. ಈ ಜಂಭವನ್ನು ಕಟ್ಟಿಕೊಂಡೇ ನಾನು ಐದು ವರ್ಷದ ಹಿಂದೆ ಫ್ರಾನ್ಸಿಗೆ ಬಂದೆ. ವಾಡಿಯಲ್ಲಿ ಸಿಮೆಂಟಿನ ಲ್ಯಾಬಿನಲ್ಲಿ ಸುಣ್ಣದ ಕಲ್ಲು ಪರೀಕ್ಷೆ ಮಾಡುತ್ತಿದ್ದವನು ಇಲ್ಲಿಯೂ ಅದನ್ನೇ ಮಾಡುತ್ತೇನೆ. ಕಲ್ಲು ಅದೇ, ಧೂಳು ಅದೇ, ಚಳಿ ಮಾತ್ರ ಬೇರೆ.

ಫ್ರಾನ್ಸ್ ಎಂದ ಕೂಡಲೇ ನಮ್ಮ ನೆಂಟರಿಗೆಲ್ಲ ಆ ಎತ್ತರದ ಕಬ್ಬಿಣದ ಗೋಪುರ ಕಣ್ಣ ಮುಂದೆ ಬರುತ್ತದೆ. ನಾವಿರುವ ಹಳ್ಳಿಯಲ್ಲಿ ಎತ್ತರದ್ದು ಎಂದರೆ ಚರ್ಚಿನ ಗಂಟೆಗೂಡು, ಅದು ಬಿಟ್ಟರೆ ನೀರಿನ ಟಾಕಿ. ಒಂದು ಬ್ರೆಡ್ಡಿನ ಅಂಗಡಿ, ಒಂದು ಔಷಧಿ ಅಂಗಡಿ, ಸುತ್ತ ಹೊಲ. ಬೆಳಿಗ್ಗೆ ಬ್ರೆಡ್ಡು ತರಲು ಹೋದರೆ ಒಳಗಿರುವ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಬೇಕು. ಮರೆತರೆ ಬ್ರೆಡ್ಡು ಸಿಗುತ್ತದೆ, ಮರ್ಯಾದೆ ಸಿಗುವುದಿಲ್ಲ. ಮಧ್ಯಾಹ್ನ ಹನ್ನೆರಡು ಹೊಡೆಯಿತೆಂದರೆ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಎರಡು ಗಂಟೆಯವರೆಗೆ ಉಣ್ಣುತ್ತವೆ. ಬಂದ ಹೊಸತರಲ್ಲಿ ನಾನು ತಲೆನೋವಿನ ಗುಳಿಗೆಗಾಗಿ ಮುಚ್ಚಿದ ಬಾಗಿಲಿನ ಮುಂದೆ ಒಂದೂವರೆ ತಾಸು ನಿಂತಿದ್ದೆ. ತಲೆನೋವು ತಾನಾಗಿಯೇ ಹೋಯಿತು. ಉಣ್ಣುವುದಕ್ಕೆ ಇಷ್ಟು ಬೆಲೆ ಕೊಡುವ ಜನ ನಮ್ಮವರೇ ಎಂಬ ಅಭಿಮಾನ ಉಳಿಯಿತು. ನನ್ನ ಹೆಂಡತಿ ಶಶಿಕಲಾ ಚಿತ್ತಾಪುರದ ಕಡೆಯ ದಂಡೋತಿಯವಳು. ಅವಳು ಕಾಫಿ ಬೀಜ ಪುಡಿ ಮಾಡುವ ಯಂತ್ರದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡುತ್ತಾಳೆ, ಬಟ್ಟೆ ಒಣಹಾಕುತ್ತ ಇಡೀ ಓಣಿಯ ಸುದ್ದಿ ತಿಳಿದುಕೊಳ್ಳುತ್ತಾಳೆ. ಪಕ್ಕದ ಮನೆಯ ರೈತ ಮಾರ್ಸೆಲ್, ಎಪ್ಪತ್ತು ದಾಟಿದವನು, ಗೋಡೆಯ ಮೇಲಿಂದ ಮೊಟ್ಟೆ, ಕುಂಬಳಕಾಯಿ ಕೊಡುತ್ತಾನೆ. ಮೊಟ್ಟೆ ನಾವು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಕುಂಬಳಕಾಯಿಯನ್ನೇ ಎರಡು ಪಟ್ಟು ಕೊಡುತ್ತಾನೆ. ಕೊಟ್ಟವರ ಪಾತ್ರೆಯನ್ನು ಬರಿದು ಮರಳಿಸಬಾರದೆಂದು ಶಶಿಕಲಾ ಅದರಲ್ಲಿ ಚಕ್ಕುಲಿ ಹಾಕಿ ಕಳಿಸಿದಳು. ಮಾರ್ಸೆಲ್‌ನ ಹೆಂಡತಿ ಇವೆಟ್ಟಳ ತಾಯಿಯೂ ಅದನ್ನೇ ಕಲಿಸಿದ್ದಳಂತೆ. ಹೀಗಾಗಿ ಒಂದು ಸ್ಟೀಲ್ ಡಬ್ಬಿ ಐದು ವರ್ಷದಿಂದ ಗೋಡೆಯ ಆಚೆ ಈಚೆ ಓಡಾಡುತ್ತಲೇ ಇದೆ. ಅದು ಮೊದಲು ಯಾರದಾಗಿತ್ತು ಎಂಬುದು ಈಗ ಯಾರಿಗೂ ನೆನಪಿಲ್ಲ.

ಇಷ್ಟು ಸುಖವಾಗಿದ್ದ ಸಂಸಾರದಲ್ಲಿ ಈ ಸಲ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಮಾಡಿದ ಅಡುಗೆಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಬೆಳೆಯ ಮೇಲೆಲ್ಲ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ಊಟ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಬೇಕು, ದಾರಿಯಲ್ಲಿ ಹೋಗುವವರನ್ನೂ ಬಿಡಬಾರದು. ನನ್ನ ಮಾವ ಇದರಲ್ಲಿ ಭಾರಿ ಕಟ್ಟುನಿಟ್ಟು. ಒಂದು ವರ್ಷ ಯಾರೂ ಸಿಗದೆ ರಸ್ತೆಗೆ ಅಡ್ಡ ನಿಂತು ಸೇಡಂ ಬಸ್ಸನ್ನೇ ತಡೆದರು. ಡ್ರೈವರು, ‘ಟೈಮಿಗಿ ಮುಟ್ಟಬೇಕ್ರಿ ಗೌಡ್ರ’ ಎಂದು ಗೋಗರೆದರೆ, ‘ಹೊಟ್ಟಿ ತುಂಬಿದ ಮ್ಯಾಲ ಬಸ್ಸು ಜೋರ್ ಓಡ್ತದ, ಇಳೀರಿ’ ಎಂದರಂತೆ. ಬಸ್ಸಿನಲ್ಲಿದ್ದವರೆಲ್ಲ ಇಳಿದು ಉಂಡ ಮೇಲೆಯೇ ಅವರು ಎಲೆಯ ಮುಂದೆ ಕುಳಿತದ್ದು. ಮಾವ ಹೋಗಿ ಎರಡು ವರ್ಷವಾಯಿತು.

ಇಲ್ಲಿಗೆ ಬಂದ ಮೇಲೆ ನಾವು ಈ ಹಬ್ಬವನ್ನು ಹಿತ್ತಲಿನಲ್ಲೇ ಸಾಗಿಸುತ್ತಿದ್ದೆವು. ಈ ವರ್ಷ ಶಶಿಕಲಾ ಒಪ್ಪಲಿಲ್ಲ. ‘ಕುಂಡದಾಗಿನ ಕೊತಂಬ್ರಿಗಿ ಚರಗಾ ಚೆಲ್ಲೂದು ನೋಡಿದ್ರ ನಮ್ಮಪ್ಪ ಮ್ಯಾಲ ಕುಂತು ನಗ್ತಾನ್ರಿ. ಈ ಸಲ ಖರೇ ಹೊಲದಾಗೇ ಮಾಡೂಣು. ಒಬ್ರರೆ ಹೊರಗಿನವ್ರು ಉಣ್ಣಬೇಕು. ಅವ್ರು ಉಂಡ ಮ್ಯಾಲೇ ನಾ ಉಣ್ಣಾಕಿ. ಇಲ್ಲಾಂದ್ರ ಉಪಾಸ’ ಎಂದಳು. ಅವಳ ಸಂಕಲ್ಪ ಎಂದರೆ ನನಗೆ ಹೆದರಿಕೆ. ಮದುವೆಯಾದ ಹೊಸತರಲ್ಲಿ ಸನ್ನತಿಯ ಚಂದ್ರಲಾಂಬೆಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಳು. ಹರಕೆ ಅವಳದು, ನಡೆದವರು ಇಬ್ಬರು, ಬೊಬ್ಬೆ ಎದ್ದದ್ದು ನನ್ನ ಕಾಲಿಗೆ. ಆದರೂ ಈ ಸಲ ನಾನು ಎದೆ ತಟ್ಟಿ ಹೇಳಿದೆ: ‘ಒಬ್ರು ಯಾಕ, ಊರಿಗೇ ಉಣಿಸ್ತೀನಿ, ನೋಡ್ತಿರು.’ ಮಾರ್ಸೆಲ್‌ನ ಬಳಿ ಹೋಗಿ, ಭಾನುವಾರ ನಿಮ್ಮ ಹೊಲದಲ್ಲಿ ಕುಳಿತು ಊಟ ಮಾಡಬಹುದೇ ಎಂದು ಕೇಳಿದೆ. ಅವನು ಮೋಡ ಕವಿದ ಜನವರಿಯ ಆಕಾಶ ನೋಡಿದ, ನನ್ನ ಮುಖ ನೋಡಿದ, ಆಗಲಿ ಎಂದ. ಯಾಕೆ, ಏನು ಎಂದು ನಾನು ಬಿಡಿಸಿ ಹೇಳಲಿಲ್ಲ. ನನ್ನ ಫ್ರೆಂಚ್ ಭಾಷೆ ಸುಣ್ಣದ ಕಲ್ಲಿನ ವಿಷಯದಲ್ಲಿ ಚೆನ್ನಾಗಿದೆ, ಪಾಂಡವರ ವಿಷಯದಲ್ಲಿ ಅಷ್ಟಕ್ಕಷ್ಟೆ.

ಭಾನುವಾರ ನಸುಕಿನಲ್ಲೇ ಒಲೆ ಹತ್ತಿತು. ಊರಿನಿಂದ ತಂದು ಕಾದಿಟ್ಟ ಹಿಟ್ಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ. ಕಾಳು, ಸೊಪ್ಪು ಕೂಡಿಸಿ ಮಾಡುವ ನಮ್ಮ ಕಡೆಯ ಭಜ್ಜಿಗೆ ಹಸಿ ಕಡಲೆ, ಹಸಿ ತೊಗರಿ ಇಲ್ಲಿ ಎಲ್ಲಿ ಸಿಗಬೇಕು? ಬಟಾಣಿ, ಅವರೆಯಂಥ ಒಂದು ಕಾಳು, ಸಿಕ್ಕ ಸೊಪ್ಪೆಲ್ಲ ಸೇರಿಸಿ ಕುದಿಸಿದಳು. ಹನ್ನೊಂದಕ್ಕೆ ಹೊಲದಲ್ಲಿದ್ದೆವು. ಐದು ಕಲ್ಲು ಹುಡುಕುವ ಕೆಲಸ ನನ್ನದು. ಇಪ್ಪತ್ತು ವರ್ಷ ಕಲ್ಲು ನೋಡಿದವನು ಸಿಕ್ಕಿದ್ದನ್ನು ಇಡಲಾದೀತೇ? ಬಿಳಿ ಎಷ್ಟು, ಮಣ್ಣಿನ ಅಂಶ ಎಷ್ಟು ಎಂದು ತಿರುವಿ ತಿರುವಿ ನೋಡುತ್ತಿದ್ದಾಗ ಶಶಿಕಲಾ, ‘ಲ್ಯಾಬ್ ಬಿಡ್ರಿ, ಭೀಮಸೇನ ಚಳಿಗಿ ನಡಗ್ಲಿಕತ್ತಾನ’ ಎಂದಳು. ಪೂಜೆಯಾಯಿತು. ಗೇಣುದ್ದ ಎದ್ದಿದ್ದ ಗೋಧಿ ಪೈರಿನ ಮೇಲೆ ಚರಗ ಚೆಲ್ಲುತ್ತ ನಾವಿಬ್ಬರೂ ಕೂಗಿಕೊಂಡು ಹೊಲ ಸುತ್ತಿದೆವು. ಎಲ್ಲಿಯ ಕಾಗಿಣಾ ನದಿಯ ದಂಡೆ, ಎಲ್ಲಿಯ ಈ ನೆಲ! ನನಗೆ ನಿಜವಾಗಿಯೂ ಎದೆ ತುಂಬಿ ಬಂತು. ಇನ್ನು ಉಳಿದದ್ದು ಉಣ್ಣುವವರು.

ಒಬ್ಬರೂ ಬರಲಿಲ್ಲ. ಇಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಊಟಕ್ಕೆ ಹೋಗಬೇಕಾದರೆ ಹದಿನೈದು ದಿನ ಮೊದಲೇ ಹೇಳಿ, ಹಿಂದಿನ ದಿನ ನೆನಪಿಸಬೇಕು. ಆ ಚಳಿಯಲ್ಲಿ ನಾಯಿಯೂ ಹೊರಗಿರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಶಶಿಕಲಾ ಬುತ್ತಿಯ ಮುಂದೆ ಶಾಲು ಹೊದ್ದು ಕುಳಿತಿದ್ದಳು, ಮುಖ ಸಣ್ಣದಾಗಿತ್ತು. ಊರಿಗೇ ಉಣಿಸುತ್ತೇನೆಂದವನಿಗೆ ಅವಳ ಮುಖ ನೋಡಲಾಗಲಿಲ್ಲ. ಮಾವನನ್ನು ನೆನೆದು ರಸ್ತೆಗೆ ಹೋಗಿ ನಿಂತೆ. ಚಳಿಗೆಂದು ಕಾರ್ಖಾನೆಯ ಹಳದಿ ಜಾಕೀಟು ಹಾಕಿಕೊಂಡಿದ್ದೆ. ಈ ದೇಶದಲ್ಲಿ ಹಳದಿ ಜಾಕೀಟು ಹಾಕಿಕೊಂಡು ರಸ್ತೆಯಲ್ಲಿ ಕೈ ಬೀಸಿದರೆ ಅಪಘಾತವಾಗಿದೆ ಎಂದೇ ಅರ್ಥ. ಮೊದಲ ಕಾರು ನಿಧಾನ ಮಾಡಿ, ಸುತ್ತ ನೋಡಿ, ಹೆಣ ಕಾಣದೆ ಮುಂದೆ ಹೋಯಿತು. ಎರಡನೆಯದು ನಿಂತಿತು. ಮನೆ ಮನೆಗೆ ಹೋಗಿ ರೋಗಿಗಳಿಗೆ ಇಂಜೆಕ್ಷನ್ ಕೊಡುವ ನರ್ಸಮ್ಮ. ಪೆಟ್ಟಿಗೆ ಹಿಡಿದೇ ಇಳಿದು ಯಾರಿಗೆ ಏನಾಯಿತು ಎಂದಳು. ಯಾರಿಗೂ ಏನೂ ಆಗಿಲ್ಲ, ಊಟ ಮಾಡಿ ಹೋಗಿ ಎಂದೆ. ಯಾರ ಮನೆಯಲ್ಲಿ? ಮನೆಯಲ್ಲಲ್ಲ, ಗೋಧಿ ಹೊಲದಲ್ಲಿ. ಏನು ವಿಶೇಷ? ಇವತ್ತು ಚಂದ್ರ ಕಾಣಿಸುವುದಿಲ್ಲ, ಅದಕ್ಕೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, ಹೀಗೆ ಯಾವಾಗಿನಿಂದ ಎಂದು ಮೆಲ್ಲಗೆ ಕೇಳಿದಳು. ಚಿಕ್ಕಂದಿನಿಂದ ಎಂದೆ. ಇನ್ನೂ ಇಬ್ಬರು ರೋಗಿಗಳು ಕಾಯುತ್ತಿದ್ದಾರೆಂದು ಹೇಳಿ ಹೊರಟವಳು ದಾರಿಯಲ್ಲಿ ಮಾರ್ಸೆಲ್‌ಗೆ ಫೋನು ಮಾಡಿದಳು: ನಿನ್ನ ಹೊಲದ ಹತ್ತಿರ ಒಬ್ಬರಿಗೆ ಸರಿಯಿಲ್ಲ, ಬೇಗ ಹೋಗು.

ಹತ್ತು ನಿಮಿಷಕ್ಕೆ ಮಾರ್ಸೆಲ್ ಟ್ರ್ಯಾಕ್ಟರಿನಲ್ಲಿ, ಕಾರು ಎಳೆಯುವ ಕಬ್ಬಿಣದ ಸರಪಳಿಯ ಜೊತೆಗೆ ಬಂದ. ಎಳೆಯುವಂಥದ್ದು ಏನೂ ಇಲ್ಲವೆಂದು ತಿಳಿದು ಇಳಿದು ನಿಂತ. ಆಗ ನಾನು ಎಲ್ಲವನ್ನೂ ವಿವರಿಸಿದೆ. ಅವನು ಟೊಪ್ಪಿಗೆ ತೆಗೆದು ಕೇಳಿಸಿಕೊಂಡ. ಎರಡೇ ಪ್ರಶ್ನೆ ಕೇಳಿದ. ಹೊಲದ ಯಜಮಾನನೇ ಉಣಿಸಬೇಕೇ? ಹೌದು. ಬಂದವರು ಉಣ್ಣದೆ ಅವನು ಉಣ್ಣುವಂತಿಲ್ಲವೇ? ಇಲ್ಲ. ಶಶಿಕಲಾ ಆಸೆಯಿಂದ ತಟ್ಟೆ ಮುಂದೆ ಹಿಡಿದಳು. ಮಾರ್ಸೆಲ್ ತಟ್ಟೆ ನೋಡಿದ, ಗೋಧಿಯ ಮೇಲೆ ಬಿದ್ದಿದ್ದ ಭಜ್ಜಿ ನೋಡಿದ, ತಲೆ ಅಲ್ಲಾಡಿಸಿ, ಮುಟ್ಟದೆ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋಗಿಯೇಬಿಟ್ಟ.

‘ಯಾನ್ ಹೇಳಿದ್ರಿ ಅವ್ರಿಗಿ? ಸಿಟ್ಟಿಗೆದ್ದು ಹೋದ್ರಲ್ಲ!’

‘ಇದ್ದದ್ದ್ ಇದ್ದಾಂಗ ಹೇಳೀನಿ.’

‘ನೀವು ಇದ್ದದ್ದ್ ಹೇಳ್ದಾಗೆಲ್ಲಾ ಹಿಂಗೇ ಆಗ್ತದ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹಬ್ಬ ಕೆಟ್ಟದ್ದಲ್ಲದೆ ಈ ಊರಿನಲ್ಲಿ ಇದ್ದ ಒಂದು ಆತ್ಮೀಯ ಮನೆಯನ್ನೂ ಕಳೆದುಕೊಂಡೆವು ಎನಿಸಿತು. ಬೆಳೆದ ಪೈರಿನ ಮೇಲೆ ಅನ್ನ ಚೆಲ್ಲಿದರೆ ಯಾವ ರೈತ ಸುಮ್ಮನಿರುತ್ತಾನೆ? ಬುತ್ತಿ ಕಟ್ಟಿ ಎದ್ದುಬಿಡೋಣ ಎಂದುಕೊಳ್ಳುತ್ತಿರುವಾಗ ಟ್ರ್ಯಾಕ್ಟರಿನ ಸದ್ದು ಮತ್ತೆ ಕೇಳಿತು.

ಮಾರ್ಸೆಲ್ ಮದುವೆಗೆ ಹೋಗುವವನಂತೆ ಕೋಟು ಹಾಕಿ, ಟೈ ಕಟ್ಟಿಕೊಂಡಿದ್ದ. ಹಿಂದಿನ ಟ್ರೇಲರಿನಲ್ಲಿ ಮಡಚುವ ಮೇಜು, ಟವೆಲ್ ಸುತ್ತಿದ ಸೂಪಿನ ಪಾತ್ರೆ ಹಿಡಿದ ಇವೆಟ್, ಕೆಲಸ ಮುಗಿಸಿ ನನ್ನ ಸ್ಥಿತಿ ನೋಡಲು ಬಂದ ನರ್ಸಮ್ಮ. ಅವನು ಮೇಜು ಹಾಕಿ, ಬ್ರೆಡ್ಡನ್ನು ಎದೆಗೆ ಒತ್ತಿ ಹಿಡಿದು ಜೇಬಿನ ಚಾಕುವಿನಿಂದ ಕೊಯ್ದ. ಕುಂಬಳಕಾಯಿ ಸೂಪು, ಚೀಸು, ಅಕ್ರೋಟು. ಮಾಂಸದ ಸುಳಿವೂ ಇಲ್ಲ, ಇವೆಟ್ ನೆನಪಿಟ್ಟಿದ್ದಳು. ನಮ್ಮಿಬ್ಬರ ಮುಂದೆ ಬಟ್ಟಲು ಇಟ್ಟು ಮಾರ್ಸೆಲ್ ಹೇಳಿದ್ದಿಷ್ಟು: ಈ ಹೊಲ ನನ್ನ ಅಜ್ಜನದು. ಇಂಥ ಒಳ್ಳೆಯ ಪದ್ಧತಿಯನ್ನು ನನಗೆ ಎಪ್ಪತ್ತು ವರ್ಷ ಯಾರೂ ಹೇಳಲಿಲ್ಲ. ಹೇಳಿದ ಮೇಲೆ ನನ್ನ ಹೊಲಕ್ಕೆ ಬಂದವರು ತಮ್ಮ ಬುತ್ತಿ ತಾವೇ ಉಂಡು ಹೋದರೆ ನನಗೆ ಅವಮಾನ. ಮೊದಲು ನೀವು ಉಣ್ಣಬೇಕು, ಆಮೇಲೆ ನಾನು.

ಶಶಿಕಲಾ ಚಮಚ ಮುಟ್ಟಲಿಲ್ಲ. ‘ಅವ್ರು ಉಂಡ್ರ ನಾ ಉಣ್ಣಾಕಿ, ಹೇಳ್ರಿ’ ಎಂದಳು. ಹೇಳಿದೆ. ಯಜಮಾನ ಮೊದಲು ಉಣ್ಣುವಂತಿಲ್ಲ ಎಂದು ನೀನೇ ತಾನೆ ಹೇಳಿದ್ದು ಎಂದ ಅವನು. ಒಂದೇ ಕಟ್ಟಳೆ, ಹಿಡಿದವರು ಇಬ್ಬರು, ನಡುವೆ ದುಭಾಷಿ ನಾನು. ಸೂಪಿನ ಹಬೆ ಸಣ್ಣಗಾಯಿತು, ಕಡಬು ಕಲ್ಲಾಗತೊಡಗಿತು, ನರ್ಸಮ್ಮನ ಮೂಗು ಕೆಂಪಾಯಿತು. ಮಾರ್ಸೆಲ್ ಮಾತ್ರ ಚಾಕು ಹಿಡಿದು, ನಾವು ಉಣ್ಣದೆ ಕದಲುವುದಿಲ್ಲ ಎಂಬಂತೆ ನಿಂತೇ ಇದ್ದ. ಶಶಿಕಲಾ ಅವನನ್ನೇ ಬಹಳ ಹೊತ್ತು ನೋಡಿದಳು. ‘ನಮ್ಮಪ್ಪನೂ ಹಿಂಗೇ ನಿಂದರ್ತಿದ್ದ’ ಎಂದಳು ತನ್ನಷ್ಟಕ್ಕೆ. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. ‘ರೀ, ಹೊರಗಿನವ್ರು ಉಣ್ಣಬೇಕು ಅಂದಿದ್ದೆ ಹೌದಿಲ್ಲೋ? ಈ ಊರಾಗ ನಮ್ಮಷ್ಟು ಹೊರಗಿನವ್ರು ಯಾರದಾರ? ಕುಂದ್ರಿ, ಉಣ್ಣೂಣು.’

ಅವಳು ಅರ್ಧ ಬಟ್ಟಲು ಕುಡಿಯುವವರೆಗೆ ನೋಡಿ, ಮಾರ್ಸೆಲ್ ಟೈ ಸಡಿಲಿಸಿ ಕಡಬಿಗೆ ಕೈ ಹಾಕಿದ. ಭಜ್ಜಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ಮೂರು ಸಲ ಹಾಕಿಸಿಕೊಂಡ. ಇವೆಟ್ ಹೋಳಿಗೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ನಾನು ಎಷ್ಟೋ ಔತಣ ಉಂಡಿದ್ದೇನೆ. ಇಷ್ಟು ಹೆಮ್ಮೆಯಿಂದ ಉಂಡದ್ದು ಇದೊಂದೇ.

ಇಲ್ಲಿ ಎರಡೂವರೆಯಾದರೆ ದಂಡೋತಿಯಲ್ಲಿ ಸಂಜೆ ಏಳು. ಅತ್ತೆಯವರ ವಿಡಿಯೊ ಕರೆ ಬಂತು. ನಾನು ಫೋನನ್ನು ಎತ್ತಿ ಹಿಡಿದು ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ತೋರಿಸಿದೆ.

‘ಹೊಲಾ ಭಾಳ ಚಂದ ಅದರಿ ಅಳಿಯಾವ್ರ. ಎಷ್ಟ್ ಎಕರೆ?’

‘ಹನ್ನೆರಡ್ ಎಕರೆ ಆಗ್ತದ್ರಿ ಅತ್ತಿ’ ಎಂದೆ. ಯಾರದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

‘ಅಲ್ಲಿ ಬಡಸ್ಲಿಕತ್ತಾರಲ್ಲ, ಆ ಹಿರ್ಯಾರು ನಿಮ್ಮ ಆಳೇನ್ರಿ?’

‘ಭಾಳ ಛಲೋ ಮನುಷ್ಯಾರಿ’ ಎಂದೆ. ಅದೂ ಸುಳ್ಳಲ್ಲ. ಮಾರ್ಸೆಲ್ ಸಂತೋಷದಿಂದ ಕೈ ಬೀಸಿದ. ಅವನಿಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯ ನನಗಿತ್ತು. ನನ್ನ ಹೆಂಡತಿಗೆ ಬರುತ್ತದೆ ಎಂಬುದು ಹೊಳೆಯಲಿಲ್ಲ. ಅವಳು ಬಂದು ಫೋನು ಕಸಿದುಕೊಂಡು, ಎಂಜಲು ಬಟ್ಟಲುಗಳನ್ನೂ ಸೂಪಿನ ಪಾತ್ರೆಯನ್ನೂ ನನ್ನ ಕೈಗಿಟ್ಟು ಟ್ರೇಲರಿನ ಕಡೆ ಕಳಿಸಿ, ಹಿಂದಿನಿಂದ ನನ್ನನ್ನೇ ತೋರಿಸಿದಳು.

‘ಅವ್ವಾ, ಹೊಲಾ ಅವ್ರದು. ಆಳು ಇಲ್ಲಿ ಹೊಂಟಾರ ನೋಡು.’

ಫೋನಿನಿಂದ ಅತ್ತೆಯವರ ದನಿ ಬಂತು: ‘ಹೌದಾ? ಕೆಲಸಾ ಛಲೋ ಮಾಡ್ತಾರೇನು?’

ಶಶಿಕಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿ ಹೇಳಿದಳು: ‘ಮಾಡ್ತಾರವ್ವಾ. ಮಾತೇ ಜರಾ ಜಾಸ್ತಿ.’