ಒತ್ತಿ ಹಿಡಿದ ಕಿರುಬೆರಳು

ಶಾಲೆಯ ಗುಮಾಸ್ತನಿಗೆ ಎಲ್ಲರೂ ಇಟ್ಟ ಹೆಸರು ಜೋಪಾನ. ಕಳೆದುಹೋದೀತೆಂದು ಕೊಡೆಯನ್ನು ಮನೆಯಲ್ಲೇ ಬಿಟ್ಟು, ಮಳೆಯಲ್ಲಿ ನೆನೆದು ಬರುವ ಆಸಾಮಿ. ಅಂದು ನಾಲ್ಕು ಗಂಟೆಗೆ ಕ್ರೀಡಾಕೂಟ. ಮೂರು ವರ್ಷದಿಂದ ಏನಾದರೊಂದು ಕೆಲಸ ಬಂದು ಮಗಳ ಓಟ ತಪ್ಪಿಹೋಗಿತ್ತು. ಈ ಸಲ ನೋಡಿಯೇ ನೋಡುತ್ತೇನೆಂದು ಮಾತು ಕೊಟ್ಟಿದ್ದ.

ಬೆಳಿಗ್ಗೆಯೇ ದೊಡ್ಡ ಮೇಡಂ ಬಂದರು. "ಕಂಪ್ಯೂಟರಲ್ಲಿ ನಾನು ಬರೆದ ಶಾಲೆ ಚರಿತ್ರೆ ಐವತ್ತು ಪುಟ ಇದೆ. ಅದರಲ್ಲಿ ಆಟೋಟದ ಬಗ್ಗೆ ಇರೋ ವಾಕ್ಯ ಹುಡುಕಿ ಕೆಂಪು ಮಾಡ್ಕೊಡಿ. ಸಂಜೆ ಭಾಷಣದಲ್ಲಿ ಅಷ್ಟೇ ಓದ್ತೀನಿ, ಆಮೇಲೆ ಓಟ."

"ಒಂದೊಂದಕ್ಕೇ ಯಾಕೆ ಬಣ್ಣ ಹಚ್ತೀರಿ?" ಎಂದಳು ಟೈಪಿಸ್ಟ್. "ಕಂಟ್ರೋಲ್ ಕೀ ಒತ್ಕೊಂಡು ಬೇಕಾದ್ದನ್ನೆಲ್ಲ ಮೌಸಲ್ಲಿ ಸೆಲೆಕ್ಟ್ ಮಾಡ್ತಾ ಹೋಗಿ. ಕೊನೇಲಿ ಒಂದೇ ಸಲ ಕೆಂಪು." ಅಷ್ಟು ಹೇಳಿ ಮೈದಾನಕ್ಕೆ ಹೋದಳು.

ಜೋಪಾನ ಎಡಗೈ ಕಿರುಬೆರಳನ್ನು ಆ ಕೀಲಿಯ ಮೇಲಿಟ್ಟವನು ತೆಗೆಯಲೇ ಇಲ್ಲ. ತೆಗೆದರೆ ಹಿಡಿದದ್ದೆಲ್ಲ ಹಾರಿಹೋಗುತ್ತದೆಂದು ಅವನ ಎಣಿಕೆ. ಮೌಸಿನ ಗಾಲಿ ತಿರುಗಿಸಿದರೆ ಪುಟ ಸರಿಯುವ ಬದಲು ಅಕ್ಷರಗಳೇ ಕುಂಬಳಕಾಯಿಯಷ್ಟು ಊದಿಕೊಂಡವು. ಆದರೂ ಬೆರಳು ಬಿಡಲಿಲ್ಲ. ಊಟ ಬಿಟ್ಟ. ಜವಾನನೇ ಟೀ ಕುಡಿಸಿದ, ಫೋನನ್ನು ಕಿವಿಗೆ ಹಿಡಿದ, ಕೊನೆಗೆ ಮೂಗನ್ನೂ ತುರಿಸಿದ.

"ಸಾಕಾ ಸಾರ್?"

"ಇನ್ನೊಂಚೂರು ಎಡಕ್ಕೆ."

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅರವತ್ತನೆಯ ವಾಕ್ಯವೂ ಸಿಕ್ಕಿತು. ಅಷ್ಟರಲ್ಲಿ ಟೈಪಿಸ್ಟ್ ಬಂದು ಅವನ ಬೆರಳು ನೋಡಿದಳು.

"ಬೆಳಿಗ್ಗೆಯಿಂದ ಹಿಡ್ಕೊಂಡೇ ಇದೀರಾ? ದೇವರೇ! ಬಿಟ್ರೆ ಏನೂ ಆಗಲ್ಲ. ಸೆಲೆಕ್ಟ್ ಮಾಡೋವಾಗ ಮಾತ್ರ ಒತ್ತಿದ್ರೆ ಸಾಕು."

ಜೋಪಾನ ಕಣ್ಣು ಮುಚ್ಚಿ ಬೆರಳೆತ್ತಿದ. ಕಣ್ಣು ಬಿಟ್ಟರೆ ಅರವತ್ತೂ ಹಾಗೆಯೇ ಇದ್ದವು. ಅವನಿಗೆ ಅಳುವಷ್ಟು ಸಂತೋಷವಾಯಿತು.

"ನೋಡಿದ್ರಾ? ಇಲ್ಲೇ ಇದೆಯಲ್ಲ!" ಎನ್ನುತ್ತ ಟೈಪಿಸ್ಟ್ ಮೌಸ್ ಹಿಡಿದು, ಪರದೆಯ ಮೇಲೆ ತೋರಿಸಹೋಗಿ, ಟಕ್ಕೆಂದು ಒತ್ತಿಯೇಬಿಟ್ಟಳು. ಅರವತ್ತರ ಸೆಲೆಕ್ಷನ್ನೂ ಮಾಯ. ನಾಲಿಗೆ ಕಚ್ಚಿಕೊಂಡಳು.

ಬಾಗಿಲಲ್ಲಿ ದೊಡ್ಡ ಮೇಡಂ ನಿಂತಿದ್ದರು. "ಹೋಗ್ಲಿ ಬಿಡಿ, ಬೇಜಾರು ಮಾಡ್ಕೋಬೇಡಿ. ಐವತ್ತು ಪುಟಾನೂ ಓದ್ಬಿಡ್ತೀನಿ," ಎಂದರು. ಅವರ ಮುಖವಂತೂ ಅರಳಿತ್ತು.

ಜೋಪಾನ ಮೈದಾನದಲ್ಲಿ ಮೊದಲನೇ ಸಾಲಿನಲ್ಲೇ ಹೋಗಿ ಕುಳಿತ. ಮಗಳು ದೂರದಿಂದ ಕೈ ಬೀಸಿದಳು. ಇನ್ನೇನು ಬೇಕು ಎಂದುಕೊಂಡ. ಮೇಡಂ ಓದುತ್ತಿದ್ದ ಹದಿನೆಂಟನೇ ಪುಟದಲ್ಲಿ ಶಾಲೆಯ ಕಾಂಪೌಂಡು ಗೋಡೆ ಏಳುತ್ತಿರುವಾಗ ಅವನ ರೆಪ್ಪೆಗಳು ಬಿದ್ದವು.

ಯಾರೋ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ ಮಗಳು, ಕೈಯಲ್ಲಿ ಬಹುಮಾನದ ಪುಟ್ಟ ಕಪ್.

"ಅಪ್ಪಾ, ನಾನೇ ಫಸ್ಟು. ನೋಡಿದ್ಯಾ?"

"ನೋಡ್ದೇ ಇರ್ತೀನಾ ಕಂದಾ?"

ಮಗಳು ಅವನ ಎಡಗೈ ನೋಡಿದಳು. ಕಿರುಬೆರಳು ಕುರ್ಚಿಯ ತೋಳನ್ನು ಬಿಗಿಯಾಗಿ ಒತ್ತಿಕೊಂಡೇ ಇತ್ತು. ಅವಳೇ ಅದನ್ನು ಮೆಲ್ಲಗೆ ಬಿಡಿಸಿದಳು.

"ಬಿಡಪ್ಪ ಈಗ. ಓಟ ಮುಗಿದು ಅರ್ಧ ಗಂಟೆ ಆಯ್ತು."